ಮಕ್ಕಳ ಕಾಲಲ್ಲಿ ಚೆಂಡು, ಮೇಷ್ಟ್ರ ಕೈಯಲ್ಲಿ ಗಡಿಯಾರ

ಶಾಲೆಗಳ ಕ್ರೀಡಾಕೂಟ ಹತ್ತಿರ ಬಂದಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫುಟ್‌ಬಾಲ್ ಬಗ್ಗೆ. ಅದರಲ್ಲೂ ಒಂದೇ ಚಿಂತೆ: ಯಾವ ಮಗುವಿಗೆ ಆಟ ಬರುತ್ತದೆ, ಎಷ್ಟು ಬರುತ್ತದೆ ಎಂದು ತಿಳಿಯುವುದು ಹೇಗೆ? ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ತಾಲ್ಲೂಕು ಪಂದ್ಯಕ್ಕೆ 18 ಮಕ್ಕಳನ್ನು ಆರಿಸಬೇಕು, ಹೆಸರು ಕೊಟ್ಟವರು 48. ನಮ್ಮ ಹತ್ತಿರ 5 ಚೆಂಡು, ಒಂದು ಡಜನ್ ಕೋನು, ಎರಡು ಶನಿವಾರದ ಬೆಳಗು ಇವೆ. ಇಷ್ಟು ದಿನ ಎರಡು ತಂಡ ಮಾಡಿ ಆಡಿಸಿ, ಕಣ್ಣಿಗೆ ಬಿದ್ದವರನ್ನು ತೆಗೆದುಕೊಳ್ಳುತ್ತಿದ್ದೆವು. ಇದಕ್ಕಿಂತ ಒಳ್ಳೆಯ ಕ್ರಮ ಇದೆಯೇ?
— ದೈಹಿಕ ಶಿಕ್ಷಕರು, ಜಗಳೂರು ತಾಲ್ಲೂಕು

ಉತ್ತರ: ಇದೆ, ಮೇಷ್ಟ್ರೇ. ಹನ್ನೊಂದು ಹನ್ನೊಂದು ಜನ ಆಡುವಾಗ 22 ಮಕ್ಕಳಿಗೆ ಇರುವುದು ಒಂದೇ ಚೆಂಡು. ಇಪ್ಪತ್ತು ನಿಮಿಷ ಆಡಿದರೂ ಎಷ್ಟೋ ಮಕ್ಕಳ ಕಾಲಿಗೆ ನಾಲ್ಕೈದು ಸಲಕ್ಕಿಂತ ಹೆಚ್ಚು ಚೆಂಡು ಬರುವುದಿಲ್ಲ. ಆಗ ಕಣ್ಣಿಗೆ ಬೀಳುವವರು ಎತ್ತರದವರು, ಜೋರಾಗಿ ಓಡುವವರು, ದೂರ ಒದೆಯುವವರು. ಚೆಂಡನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲ ಹುಡುಗ ಮೂಲೆಯಲ್ಲಿ ನಿಂತೇ ಮನೆಗೆ ಹೋಗುತ್ತಾನೆ.

ಮೊದಲ ಶನಿವಾರ ಮೂರು ಪರೀಕ್ಷೆ ಇಡಿ. 48 ಮಕ್ಕಳನ್ನು 16ರಂತೆ ಮೂರು ಗುಂಪು ಮಾಡಿ, ಒಂದೊಂದು ಕಡೆ 20 ನಿಮಿಷ. ನಿಮ್ಮ 5 ಚೆಂಡು ಇದಕ್ಕೆ ಸರಿಯಾಗಿ ಸಾಲುತ್ತವೆ.

ಮೊದಲನೆಯದು ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಸಾಗುವುದು. ಸುಣ್ಣದ ಗೆರೆಯಿಂದ 2 ಮೀಟರಿಗೆ ಮೊದಲ ಕೋನು, ಅಲ್ಲಿಂದ ಒಂದೂವರೆ ಮೀಟರಿಗೊಂದರಂತೆ ಒಟ್ಟು 6 ಕೋನು. ಹಾವಿನಂತೆ ಸುತ್ತಿ ಹೋಗಿ, ಕೊನೆಯ ಕೋನನ್ನು ಬಳಸಿ, ಹಾಗೆಯೇ ಸುತ್ತಿಕೊಂಡು ವಾಪಸ್ ಬರಬೇಕು. ಅಕ್ಕಪಕ್ಕ ಇಂಥ ಎರಡು ಸಾಲು ಹಾಕಿದರೆ ಡಜನ್ ಕೋನು ಮುಗಿಯಿತು, ಎರಡು ಚೆಂಡು ಬೇಕು. ಕೋನು ಬಿದ್ದರೆ 1 ಸೆಕೆಂಡ್ ಸೇರಿಸಿ. ಕೋನು ಬಿಟ್ಟು ಮುಂದೆ ಹೋದರೆ ಹಿಂದಕ್ಕೆ ಬಂದು ಅದನ್ನು ಸುತ್ತಬೇಕು. ನಿಧಾನವಾಗಿ ಒಮ್ಮೆ ಅಭ್ಯಾಸ, ಆಮೇಲೆ ಎರಡು ಅವಕಾಶ, ಅದರಲ್ಲಿ ಕಡಿಮೆ ಸಮಯದ್ದನ್ನು ಬರೆದುಕೊಳ್ಳಿ. ಕೊನೆಗೆ ಚೆಂಡಿಲ್ಲದೆ ಅದೇ ದಾರಿಯಲ್ಲಿ ಒಮ್ಮೆ ಓಡಿಸಿ. ಈ ಕೊನೆಯ ಓಟವನ್ನು ಬಹಳ ಜನ ಬಿಡುತ್ತಾರೆ, ಬಿಡಬಾರದು. ಒಬ್ಬ ಚೆಂಡಿನೊಂದಿಗೆ 14.5 ಸೆಕೆಂಡ್, ಚೆಂಡಿಲ್ಲದೆ 9.0 ತೆಗೆದುಕೊಂಡ ಎನ್ನಿ. ಇನ್ನೊಬ್ಬ ಚೆಂಡಿನೊಂದಿಗೆ 14.6, ಚೆಂಡಿಲ್ಲದೆ 10.2. ಮೊದಲನೆಯವನನ್ನು ಚೆಂಡು 5.5 ಸೆಕೆಂಡ್ ತಡೆದಿದೆ, ಎರಡನೆಯವನನ್ನು 4.4 ಮಾತ್ರ. ಓಟ ನಿಧಾನವಾದರೂ ಚೆಂಡಿನ ಮೇಲೆ ಹಿಡಿತ ಹೆಚ್ಚಿರುವುದು ಎರಡನೆಯವನಿಗೆ.

ಎರಡನೆಯದು ಗೋಡೆಗೆ ಪಾಸ್. ಶಾಲೆಯ ಗಾರೆ ಮಾಡಿದ ಗೋಡೆಯ ಮೇಲೆ ನೆಲದಿಂದ ಶುರುವಾಗುವಂತೆ ಒಂದೂವರೆ ಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಚೌಕಟ್ಟನ್ನು ಸೀಮೆಸುಣ್ಣದಲ್ಲಿ ಬರೆಯಿರಿ. 5 ಮೀಟರ್ ದೂರದಲ್ಲಿ ಗೆರೆ. 30 ಸೆಕೆಂಡಿನಲ್ಲಿ ಗೆರೆಯ ಹಿಂದಿನಿಂದ ಒದ್ದು ಚೌಕಟ್ಟಿಗೆ ತಾಗಿದ ಪಾಸ್‌ಗಳನ್ನಷ್ಟೇ ಎಣಿಸಿ. ಕಲ್ಲಿನ ಗೋಡೆ ಬೇಡ, ಚೆಂಡು ಅಡ್ಡಾದಿಡ್ಡಿ ಹಾರಿ ಮಗುವಿನದಲ್ಲದ ತಪ್ಪು ಅವನ ಲೆಕ್ಕಕ್ಕೆ ಸೇರುತ್ತದೆ. ಗೋಡೆಯ ಮೇಲೆ ಎರಡು ಚೌಕಟ್ಟು, ಎರಡು ಚೆಂಡು.

ಮೂರನೆಯದು ಚೆಂಡನ್ನು ಬರಮಾಡಿಕೊಳ್ಳುವುದು, ಅಂದರೆ ಫಸ್ಟ್ ಟಚ್. ನಮ್ಮ ಪ್ರಕಾರ ಮೂರರಲ್ಲಿ ಇದೇ ಹೆಚ್ಚು ಬೆಲೆಯುಳ್ಳದ್ದು. 2 ಮೀಟರ್ ಚೌಕದಲ್ಲಿ ಮಗು ನಿಲ್ಲಲಿ. ಅವನ ಹಿಂದೆ ಎಡಕ್ಕೊಂದು ಬಲಕ್ಕೊಂದು ಬಾಗಿಲು. ಮರಳು ತುಂಬಿದ ನೀರಿನ ಬಾಟಲಿಗಳೇ ಕಂಬಗಳಾಗಲಿ. ನೀವು 10 ಮೀಟರ್ ಎದುರಿನಿಂದ ಚೆಂಡನ್ನು ಕೈಯಲ್ಲೇ ಉರುಳಿಸಿ. ಕಾಲಿನಿಂದ ಕೊಟ್ಟರೆ ಒಬ್ಬನಿಗೆ ಮೆತ್ತಗೆ, ಇನ್ನೊಬ್ಬನಿಗೆ ಜೋರಾಗಿ ಹೋಗುತ್ತದೆ. ಚೆಂಡು ಅರ್ಧ ದಾರಿಗೆ ಬಂದಾಗ, ಮಗುವಿನ ಹಿಂದೆ ನಿಂತ ಸಹಾಯಕ ಒಂದು ಬಾಗಿಲ ಕಡೆಗೆ ಬಣ್ಣದ ಬಟ್ಟೆ ಎತ್ತಬೇಕು. ಮಗು ಹೆಗಲ ಮೇಲಿಂದ ತಿರುಗಿ ನೋಡಿ, ಮೊದಲ ಸ್ಪರ್ಶದಲ್ಲೇ ಆ ಕಡೆಗೆ ತಿರುಗಿ, ಎರಡನೆಯದರಲ್ಲಿ ಬಾಗಿಲು ದಾಟಿಸಬೇಕು. ಎರಡೇ ಸ್ಪರ್ಶದಲ್ಲಿ ಸರಿಯಾದ ಬಾಗಿಲಾದರೆ 2 ಅಂಕ, ಮೂರು ನಾಲ್ಕು ಸ್ಪರ್ಶವಾದರೆ 1, ಚೆಂಡು ಕೈತಪ್ಪಿದರೆ ಅಥವಾ ಬಾಗಿಲು ತಪ್ಪಾದರೆ ಸೊನ್ನೆ. ಒಬ್ಬನಿಗೆ 4 ಚೆಂಡು: ಎರಡು ನೆಲದ ಮೇಲೆ, ಎರಡು ಪುಟಿಯುವಂಥವು.

ಎರಡನೆಯ ಶನಿವಾರ ಆಟ. 30 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಕಣ, 2 ಮೀಟರ್ ಅಗಲದ ಪುಟ್ಟ ಗೋಲು, ಗೋಲ್‌ಕೀಪರ್ ಇಲ್ಲ, ನಾಲ್ವರ ಎದುರು ನಾಲ್ವರು. 8 ನಿಮಿಷದ ಪಂದ್ಯ. ಒಂದು ಸುತ್ತಿಗೆ 16 ಮಕ್ಕಳು, ಮೂರು ಸುತ್ತಿಗೆ ಎಲ್ಲರೂ. ಆಮೇಲೆ ತಂಡಗಳನ್ನು ಕಲಸಿ ಮತ್ತೆ ಮೂರು ಸುತ್ತು. ಕಲಸಲೇಬೇಕು, ಗೆಳೆಯರೇ ಒಂದು ತಂಡವಾದರೆ ಒಬ್ಬನ ಆಟ ಇನ್ನೊಬ್ಬನನ್ನು ಮುಚ್ಚುತ್ತದೆ. ಅಂಕಣಕ್ಕೊಬ್ಬ ಶಿಕ್ಷಕರು ಮೊದಲ 4 ನಿಮಿಷ ಒಂದು ತಂಡವನ್ನು, ಉಳಿದ 4 ನಿಮಿಷ ಇನ್ನೊಂದನ್ನು ಮಾತ್ರ ನೋಡಲಿ. ಎಂಟು ಮಕ್ಕಳನ್ನು ಒಟ್ಟಿಗೆ ನೋಡುತ್ತೇನೆ ಎಂದು ಹೊರಟರೆ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ.

ಎಲ್ಲ ಅಂಕ ಕೂಡಿಸಿ ಒಂದೇ ಪಟ್ಟಿ ಮಾಡಬೇಡಿ. ಸೆಕೆಂಡಿಗೂ ಪಾಸ್ ಎಣಿಕೆಗೂ ಕೂಡಿಕೆ ಆಗದು. ಆಟ ನೋಡಿ ಮೊದಲ 10 ಜನರನ್ನು ಆರಿಸಿ. ಗೋಲ್‌ಕೀಪರ್ ಇಬ್ಬರನ್ನು ಬೇರೆಯಾಗಿಯೇ ನೋಡಿ. ಉಳಿದ 6 ಸ್ಥಾನಕ್ಕೆ ಸಂಶಯವಿರುವ ಮಕ್ಕಳ ಪರೀಕ್ಷೆಯ ಹಾಳೆ ತೆಗೆದು ಹೋಲಿಸಿ. ಆಟದಲ್ಲಿ ಮಂಕಾಗಿ ಕಂಡವನು ಮೂರೂ ಪರೀಕ್ಷೆಯಲ್ಲಿ ಮೇಲಿದ್ದರೆ ಅವನನ್ನು ಇನ್ನೊಂದು ದಿನ ಆಡಿಸಿ ನೋಡಿ.

ಪ್ರಶ್ನೆ: ನಾನು ವಾರಾಂತ್ಯದಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತೇನೆ. ಒಂದೇ ಪರೀಕ್ಷೆ, ಅದೇ ಮಕ್ಕಳು. ಆದರೂ ಜೂನ್‌ನಲ್ಲಿ ಬಂದ ಸಮಯಕ್ಕೂ ಆಗಸ್ಟ್‌ನಲ್ಲಿ ಬಂದದ್ದಕ್ಕೂ ತಾಳಮೇಳವಿಲ್ಲ. ಕೆಲವರು ಹಿಂದೆ ಬಿದ್ದಂತೆ ಕಾಣುತ್ತದೆ. ಮಕ್ಕಳು ನಿಜವಾಗಿ ಹಿಂದೆ ಬಿದ್ದಿದ್ದಾರೆಯೇ?
— ತರಬೇತುದಾರರು, ದಾವಣಗೆರೆ

ಉತ್ತರ: ಮಕ್ಕಳಿಗಿಂತ ಮೊದಲು ನೆಲವನ್ನೂ ಚೆಂಡನ್ನೂ ಕೈಗಡಿಯಾರವನ್ನೂ ಸಂಶಯಿಸಿ.

ನಿಮ್ಮ ಭಾಗದಲ್ಲಿ ಎರೆಮಣ್ಣಿನ ಮೈದಾನಗಳು ಹೆಚ್ಚು. ಮಳೆಗೆ ಎರೆ ಅಂಟಾಗಿ ಬೂಟಿಗೆ ಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಚಿತ್ರದುರ್ಗದ ಕಡೆಯ ಗರಸು ನೆಲದಲ್ಲಿ ಚೆಂಡು ಜಾರಿಕೊಂಡು ಓಡುತ್ತದೆ. ನೆಲ ಬದಲಾದರೆ ಡ್ರಿಬ್ಲಿಂಗ್ ಸಮಯ ಒಂದೆರಡು ಸೆಕೆಂಡ್ ಬದಲಾಗುವುದು ಸಹಜ. ಆದ್ದರಿಂದ ಪರೀಕ್ಷೆಗೆ ಒಂದೇ ಜಾಗ ಗೊತ್ತು ಮಾಡಿ. ಮಳೆಯಲ್ಲೂ ಒಣಗಿರುವ ಸಿಮೆಂಟ್ ಅಂಗಳವಿದ್ದರೆ ಗೋಡೆ ಪಾಸ್ ಪರೀಕ್ಷೆಯನ್ನು ಅಲ್ಲೇ ಇಡಿ.

ಚೆಂಡಿನ ಗಾಳಿ ಎರಡನೆಯದು. 5ನೇ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ, ಒಳಗಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್ ಇರಬೇಕೆಂದು ಆಟದ ನಿಯಮ ಹೇಳುತ್ತದೆ. ಪಂಪಿನ ಮುಳ್ಳಿನಲ್ಲಿ ಸುಮಾರು 8.5ರಿಂದ 15.6 ಪಿಎಸ್‌ಐ. ಈ ಅಂತರ ಬಹಳ ದೊಡ್ಡದು. 9ರಲ್ಲಿ ಚೆಂಡು ಕಾಲಿಗೆ ಮೆತ್ತಗೆ ನಿಲ್ಲುತ್ತದೆ, 15ರಲ್ಲಿ ಕಲ್ಲಿನಂತೆ ಚಿಮ್ಮುತ್ತದೆ. ಒಂದು ಅಂಕಿ ಗೊತ್ತು ಮಾಡಿ, ಪ್ರತಿ ಸಲ ಅಷ್ಟೇ ತುಂಬಿ. ಒತ್ತಡ ತೋರಿಸುವ ಪಂಪು ಇಲ್ಲದಿದ್ದರೆ ಎಲ್ಲ ಚೆಂಡುಗಳನ್ನು ಒಂದೇ ಎತ್ತರದಿಂದ ಸಿಮೆಂಟಿನ ಮೇಲೆ ಬಿಟ್ಟು, ಸಮನಾಗಿ ಪುಟಿಯುವವನ್ನು ಮಾತ್ರ ಪರೀಕ್ಷೆಗೆ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಇಟ್ಟ ಚೆಂಡಿನ ಒತ್ತಡ ಏರುತ್ತದೆ, ನೆರಳಿನಲ್ಲಿಡಿ. ಹನ್ನೆರಡರ ಒಳಗಿನ ಮಕ್ಕಳಿಗೆ 4ನೇ ಅಳತೆಯ ಚೆಂಡೇ ಸರಿ. ಜೂನ್‌ನಲ್ಲಿ 4, ಆಗಸ್ಟ್‌ನಲ್ಲಿ 5 ಕೊಟ್ಟಿದ್ದರೆ ಹೋಲಿಕೆಯೇ ತಪ್ಪು.

ಸ್ಟಾಪ್‌ವಾಚ್ ಒತ್ತುವ ಬೆರಳು ಮೂರನೆಯದು. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆಯುತ್ತದೆ, ಅದೂ ಎಲ್ಲರದು ಒಂದೇ ಸಮನಲ್ಲ. ಹಾಗಾಗಿ 14.3 ಮತ್ತು 14.5ರ ನಡುವೆ ವ್ಯತ್ಯಾಸವಿದೆ ಎಂದು ಬರೆದುಕೊಳ್ಳಬೇಡಿ. ಪ್ರತಿ ಸಲ ಒಬ್ಬರೇ ಸಮಯ ಹಿಡಿಯಲಿ. ಮಗುವಿನ ಎದೆ ಗೆರೆ ದಾಟಿದಾಗಲೋ ಚೆಂಡು ದಾಟಿದಾಗಲೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಚೆಂಡಿನ ಪರೀಕ್ಷೆಯಲ್ಲಿ ಮಗು, ಚೆಂಡು ಎರಡೂ ದಾಟಿದ ಮೇಲೆ ಒತ್ತುವುದು ನ್ಯಾಯ. ಇಲ್ಲವಾದರೆ ಮಕ್ಕಳು ಕೊನೆಯಲ್ಲಿ ಚೆಂಡನ್ನು ಮುಂದಕ್ಕೆ ಒದ್ದು ಓಡುವುದನ್ನು ಬೇಗ ಕಲಿಯುತ್ತಾರೆ.

ಪರೀಕ್ಷೆ ನಂಬಲು ಯೋಗ್ಯವೋ ಎಂದು ತಿಳಿಯಲು ಸುಲಭ ದಾರಿ ಇದೆ. ಹತ್ತು ಮಕ್ಕಳನ್ನು ಆರಿಸಿ, ಒಂದು ವಾರ ಬಿಟ್ಟು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಪರೀಕ್ಷಿಸಿ. ಒಂದೇ ವಾರದಲ್ಲಿ ಯಾರೂ ಹೊಸದಾಗಿ ಆಟ ಕಲಿಯುವುದಿಲ್ಲ. ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ ಬಂದರೆ ತಪ್ಪು ಪರೀಕ್ಷೆಯದು. ಎಲ್ಲರೂ ಸ್ವಲ್ಪ ಸ್ವಲ್ಪ ಚುರುಕಾಗಿದ್ದರೆ ದಾರಿ ಪರಿಚಯವಾಗಿದೆ ಎಂದಷ್ಟೇ ಅರ್ಥ. ಮುಂದಿನ ಸಲ ಅಭ್ಯಾಸದ ಸುತ್ತು ಹೆಚ್ಚಿಸಿ.

ಇನ್ನು ಆಷಾಢದ ಗಾಳಿ. ಗಾಳಿಯಂತ್ರಗಳ ಗುಡ್ಡವಿರುವ ಚಿತ್ರದುರ್ಗದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಎತ್ತಿ ಒದೆಯುವ ಉದ್ದ ಪಾಸ್‌ನ ಪರೀಕ್ಷೆಯನ್ನು ಆ ತಿಂಗಳಲ್ಲಿ ಇಡಲೇಬೇಡಿ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಡಿಸೆಂಬರ್‌ನಲ್ಲಿ ಹುಟ್ಟಿದವನು. ಚೆಂಡು ಅವನ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಆದರೆ ಆಯ್ಕೆಯಲ್ಲಿ "ಇನ್ನೂ ಚಿಕ್ಕವನು" ಎಂದು ಬಿಟ್ಟರು. ಹೋದ ವರ್ಷವೂ ಹೀಗೇ ಆಯಿತು. ಆಟ ಬಿಡಿಸಿ ಓದಿನ ಕಡೆ ಹಾಕಲೇ?
— ತಾಯಿ, ಹರಿಹರ

ಉತ್ತರ: ಅಮ್ಮಾ, ದಯವಿಟ್ಟು ಬಿಡಿಸಬೇಡಿ. ಓದು ಆಟ ಎರಡೂ ನಡೆಯಲಿ.

ವಯೋಮಿತಿಯ ತಂಡಗಳಲ್ಲಿ ಸಾಮಾನ್ಯವಾಗಿ ಜನವರಿ 1ರಿಂದ ಲೆಕ್ಕ ಹಿಡಿಯುತ್ತಾರೆ. ಜನವರಿಯಲ್ಲಿ ಹುಟ್ಟಿದ ಹುಡುಗ, ಡಿಸೆಂಬರ್‌ನಲ್ಲಿ ಹುಟ್ಟಿದ ನಿಮ್ಮ ಮಗ ಇಬ್ಬರೂ ಒಂದೇ ಗುಂಪು. ನಡುವೆ ಹೆಚ್ಚೂಕಡಿಮೆ ಒಂದು ವರ್ಷ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಾದ ತಂಡಗಳಲ್ಲಿ ಹೆಚ್ಚು ಇರುವುದನ್ನು ಅನೇಕ ದೇಶಗಳ ಫುಟ್‌ಬಾಲ್‌ನಲ್ಲಿ ಗಮನಿಸಿದ್ದಾರೆ. ಮೇಲಾಗಿ ಮೈ ಬೆಳೆಯುವ ವೇಗ ಎಲ್ಲರದು ಒಂದೇ ಅಲ್ಲ. ಹುಡುಗರು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ 13–14ರ ಹೊತ್ತಿಗೆ. ಕೆಲವರಿಗೆ 12ಕ್ಕೇ, ಕೆಲವರಿಗೆ 16ರ ಹತ್ತಿರ. ಆಗ ವರ್ಷಕ್ಕೆ 9–10 ಸೆಂಟಿಮೀಟರ್ ಬೆಳೆಯುವುದುಂಟು. ಅವನನ್ನು ಬಿಟ್ಟವರು ನೋಡಿದ್ದು ಬಹುಶಃ ಈ ಬೆಳವಣಿಗೆಯನ್ನು, ಆಟವನ್ನಲ್ಲ.

ನೀವು ಮನೆಯಲ್ಲೇ ಮಾಡಬಹುದಾದದ್ದು: ಮೂರು ತಿಂಗಳಿಗೊಮ್ಮೆ ಬೆಳಗಿನ ಹೊತ್ತು ಗೋಡೆಗೆ ಒರಗಿಸಿ ಎತ್ತರ ಗುರುತು ಹಾಕಿ, ದಿನಾಂಕ ಬರೆಯಿರಿ. ಮೂರು ತಿಂಗಳಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ಏರತೊಡಗಿದರೆ ಜಿಗಿತದ ಬೆಳವಣಿಗೆ ಶುರುವಾಗಿದೆ ಎಂದು ತಿಳಿಯಬಹುದು. ಆ ಕೆಲವು ತಿಂಗಳು ಅವನ ಚೆಂಡಿನ ಹಿಡಿತ ತುಸು ಕೆಟ್ಟಂತೆ ಕಾಣಬಹುದು. ಕಾಲು ಉದ್ದವಾಗಿದೆ, ಮೈಗೆ ಅದರ ಲೆಕ್ಕ ಇನ್ನೂ ಸಿಕ್ಕಿಲ್ಲ, ಅಷ್ಟೇ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋವು ಬಂದರೆ, ಇಲ್ಲವೇ ಹಿಮ್ಮಡಿ ನೋಯುತ್ತಿದ್ದರೆ ಓಟ, ನೆಗೆತ ಕಡಿಮೆ ಮಾಡಿಸಿ ಮೂಳೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಇದು ಸಾಮಾನ್ಯ, ಆದರೆ ನೋವು ನುಂಗಿಕೊಂಡು ಆಡಿಸಬಾರದು.

ತರಬೇತುದಾರರಲ್ಲಿ ಒಂದು ಮಾತು ಕೇಳಿ: ತಿಂಗಳಿಗೊಂದು ದಿನ ಮಕ್ಕಳನ್ನು ವಯಸ್ಸಿನ ಬದಲು ಮೈಕಟ್ಟು ನೋಡಿ ಗುಂಪು ಮಾಡಿ ಆಡಿಸಲಿ. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಈ ಪದ್ಧತಿ ಇದೆ. ಸಮ ಮೈಕಟ್ಟಿನವರ ನಡುವೆ ನಿಮ್ಮ ಮಗ ಏನು ಮಾಡುತ್ತಾನೆ ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ದೊಡ್ಡವರೊಂದಿಗೂ ಆಡಲಿ, ತಳ್ಳಾಟದಲ್ಲಿ ಗೆಲ್ಲಲಾರದ ಹುಡುಗ ಚೆಂಡು ಬರುವ ಮೊದಲೇ ಸುತ್ತ ನೋಡುವುದನ್ನು ಕಲಿಯುತ್ತಾನೆ.

ಪ್ರಶ್ನೆ: ನಮ್ಮೂರಿನ ಕ್ಲಬ್‌ನಲ್ಲಿ 100 ಜಗ್ಲಿಂಗ್ (ಚೆಂಡು ನೆಲಕ್ಕೆ ಬೀಳದಂತೆ ಕಾಲಲ್ಲೇ ಪುಟಿಸುವುದು) ಮಾಡಿದವರಿಗಷ್ಟೇ ತಂಡದಲ್ಲಿ ಜಾಗ ಎನ್ನುತ್ತಾರೆ. ಇದು ಸರಿಯೇ?
— 9ನೇ ತರಗತಿ ವಿದ್ಯಾರ್ಥಿ, ಹೊಳಲ್ಕೆರೆ

ಉತ್ತರ: ಸರಿಯಲ್ಲ. ಜಗ್ಲಿಂಗ್‌ನಿಂದ ಕಾಲಿಗೆ ಚೆಂಡಿನ ಪರಿಚಯವಾಗುತ್ತದೆ. ದಿನಾ ಹತ್ತು ನಿಮಿಷ ಮಾಡು, ಒಳ್ಳೆಯದು. 5 ಮಾಡುವವನಿಗೂ 30 ಮಾಡುವವನಿಗೂ ಹಿಡಿತದಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ 50 ದಾಟಿದ ಮೇಲೆ ಆ ಎಣಿಕೆ ಹೇಳುವುದು ಅವನು ಜಗ್ಲಿಂಗ್ ಎಷ್ಟು ಅಭ್ಯಾಸ ಮಾಡಿದ್ದಾನೆ ಎಂಬುದನ್ನೇ. ಪಂದ್ಯದಲ್ಲಿ ಎದುರಾಳಿ ಮೈಮೇಲೆ ಬರುತ್ತಾನೆ, ಚೆಂಡು ಓರೆಯಾಗಿ ಬರುತ್ತದೆ, ಯಾರಿಗೆ ಕೊಡಬೇಕೆಂದು ಯೋಚಿಸಬೇಕು. ಜಗ್ಲಿಂಗ್‌ನಲ್ಲಿ ಇದ್ಯಾವುದೂ ಇಲ್ಲ. ನಿನ್ನ ಅಭ್ಯಾಸ ಹೀಗಿರಲಿ: ಬಲ, ಎಡ ಬದಲಿಸುತ್ತಾ 20, ಆಮೇಲೆ ತಲೆಯೆತ್ತರಕ್ಕೆ ಒದ್ದು, ಕೆಳಗೆ ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಪಕ್ಕಕ್ಕೆ ಇಳಿಸಿಕೊಂಡು ಐದು ಹೆಜ್ಜೆ ಓಡು.

ಪ್ರಶ್ನೆ: ಮಕ್ಕಳು ಎಡಗಾಲನ್ನು ಮುಟ್ಟಿಸುವುದೇ ಇಲ್ಲ. ಎಡಗಾಲಿನ ಕೌಶಲವನ್ನು ಬೇರೆಯಾಗಿ ಅಳೆಯುವುದು ಹೇಗೆ? ತಿದ್ದುವುದು ಹೇಗೆ?
— ಶಿಕ್ಷಕಿ, ಚಳ್ಳಕೆರೆ

ಉತ್ತರ: ಮೇಲೆ ಹೇಳಿದ ಗೋಡೆ ಪಾಸ್ ಪರೀಕ್ಷೆಯನ್ನೇ ಎರಡು ಸಲ ಮಾಡಿಸಿ: 30 ಸೆಕೆಂಡ್ ಬಲಗಾಲಲ್ಲಿ, ವಿರಾಮದ ನಂತರ 30 ಸೆಕೆಂಡ್ ಎಡಗಾಲಲ್ಲಿ. ಬಲ 16, ಎಡ 9 ಬಂದರೆ ಎಡಗಾಲು ಬಲಗಾಲಿನ ನೂರಕ್ಕೆ 56ರಷ್ಟು. ಎರಡು ತಿಂಗಳಿಗೊಮ್ಮೆ ಈ ಪಾಲನ್ನು ಬರೆದಿಡಿ. ಒಬ್ಬ ಮಗುವನ್ನು ಇನ್ನೊಬ್ಬರೊಂದಿಗೆ ಹೋಲಿಸುವ ಗೊಡವೆಯೇ ಇಲ್ಲ, ಅವನ ಎಡಗಾಲಿಗೆ ಅವನ ಬಲಗಾಲೇ ಅಳತೆಗೋಲು.

ಅಂಕಿ ಮಾತ್ರ ಬರೆದರೆ ತಿದ್ದಲಾಗದು, ಚೆಂಡು ಹೋದ ರೀತಿ ನೋಡಿ. ಚೆಂಡು ಮೇಲಕ್ಕೆ ಹಾರಿದರೆ ಊರಿದ ಕಾಲು ಚೆಂಡಿಗಿಂತ ಹಿಂದೆ ಇದೆ, ಇಲ್ಲವೇ ಮೈ ಹಿಂದಕ್ಕೆ ವಾಲಿದೆ. ಊರುವ ಪಾದ ಚೆಂಡಿನ ಪಕ್ಕದಲ್ಲಿ, ಒಂದು ಗೇಣಿನಷ್ಟು ದೂರದಲ್ಲಿ, ಬೆರಳು ಗುರಿಯ ಕಡೆಗೆ ಇರಬೇಕು. ಚೆಂಡು ಪಕ್ಕಕ್ಕೆ ಸರಿದರೆ ಊರಿದ ಪಾದದ ಬೆರಳು ಆ ಕಡೆ ತಿರುಗಿದೆಯೇ ನೋಡಿ. ನೇರ ಹೋದರೂ ಬಲವಿಲ್ಲದಿದ್ದರೆ ಒದೆಯುವ ಕಾಲಿನ ಕೀಲು ಸಡಿಲ. ಬೆರಳು ಮೇಲೆತ್ತಿ ಪಾದ ಬಿಗಿಹಿಡಿದು, ಪಾದದ ಒಳಬದಿಯಿಂದ ಚೆಂಡಿನ ನಡುವಿಗೆ ತಾಗಿಸಬೇಕು. ಎಡಗಾಲಿನ ಹೆಚ್ಚಿನ ತೊಂದರೆ ನಿಜವಾಗಿ ಬಲಗಾಲಿನದು: ಒಂಟಿ ಬಲಗಾಲ ಮೇಲೆ ನಿಂತು ರೂಢಿಯಿಲ್ಲ. ಬಲಗಾಲ ಮೇಲೆ 20 ಸೆಕೆಂಡ್ ಅಲುಗಾಡದೆ ನಿಲ್ಲುವುದನ್ನು ಮೊದಲು ಅಭ್ಯಾಸ ಮಾಡಿಸಿ. ಪಾಸ್‌ನ ದೂರವನ್ನೂ ಎಡಗಾಲಿಗೆ 3 ಮೀಟರಿನಿಂದ ಶುರುಮಾಡಿ.

ಪ್ರಶ್ನೆ: ಪಂದ್ಯ ನೋಡುವಾಗ ಏನನ್ನು ಬರೆದುಕೊಳ್ಳಬೇಕು? ನಾನು ಬರೆದದ್ದೆಲ್ಲ ಕೊನೆಗೆ "ಚೆನ್ನಾಗಿ ಆಡಿದ", "ಸುಮಾರು" ಎಂದೇ ಆಗುತ್ತದೆ.
— ಯುವ ತರಬೇತುದಾರ, ಚಿತ್ರದುರ್ಗ

ಉತ್ತರ: ಹಾಳೆಯಲ್ಲಿ ಒಂದು ಮಗುವಿಗೆ ಒಂದು ಸಾಲು, ಐದು ಕಲಂ. ಚೆಂಡು ಎಷ್ಟು ಸಲ ಬಂತು. ಮೊದಲ ಸ್ಪರ್ಶದಲ್ಲಿ ಉಳಿಯಿತೇ. ಚೆಂಡು ಬರುವ ಮೊದಲು ತಲೆಯೆತ್ತಿ ಸುತ್ತ ನೋಡಿದನೇ. ಕೊಟ್ಟ ಪಾಸ್ ಗೆಳೆಯನನ್ನು ಸೇರಿತೇ. ಚೆಂಡು ಇಲ್ಲದಾಗ ಪಾಸ್ ಪಡೆಯಲು ತೆರೆದ ಜಾಗಕ್ಕೆ ಹೋದನೇ. ಪ್ರತಿಯೊಂದಕ್ಕೂ ಗೀಟು ಎಳೆಯುತ್ತಾ ಹೋಗಿ, ಪದ ಬೇಡ. 12 ಸಲ ಬಂದ ಚೆಂಡಿನಲ್ಲಿ 9 ಉಳಿದರೆ ನೂರಕ್ಕೆ 75. ಆದರೆ 4 ಸಲ ಬಂದು 3 ಉಳಿದರೂ ಅದೇ 75 ಬರುತ್ತದೆ, ಅದನ್ನು ನಂಬಬೇಡಿ. ಹತ್ತು ಸಲವಾದರೂ ಚೆಂಡು ಬಾರದ ಮಗುವಿನ ಬಗ್ಗೆ ತೀರ್ಪು ಮುಂದಕ್ಕೆ ಹಾಕಿ. ಮೂವರ ಎದುರು ಮೂವರನ್ನು ಆಡಿಸಿದರೆ ಗೀಟುಗಳು ಬೇಗ ತುಂಬುತ್ತವೆ.

ಇನ್ನೊಂದು ಮೋಸವಿದೆ. ಪಕ್ಕದವನಿಗೇ ಹಿಂದಕ್ಕೆ ಕೊಡುತ್ತಾ ಹೋಗುವ ಹುಡುಗನ ಪಾಸ್ ನೂರಕ್ಕೆ 90 ಸರಿಯಿರುತ್ತದೆ. ಇಬ್ಬರು ಎದುರಾಳಿಗಳ ನಡುವೆ ಚೆಂಡು ನುಗ್ಗಿಸಲು ನೋಡುವವನದು 60. ಬರೀ ಅಂಕಿ ನೋಡಿ ಎರಡನೆಯವನನ್ನು ಬಿಟ್ಟರೆ ತಂಡದ ಆಟವೇ ಕಳೆಯುತ್ತದೆ. ಆದ್ದರಿಂದ ಎದುರಾಳಿಯನ್ನು ದಾಟಿ ಮುಂದಕ್ಕೆ ಹೋದ ಪಾಸ್‌ಗೆ ಗೀಟಿನ ಮೇಲೆ ಚುಕ್ಕೆ ಇಡಿ. ತಪ್ಪಿದರೂ ಚುಕ್ಕೆ ಇರಲಿ. ಎಂಟು ಹತ್ತು ವರ್ಷದವರಲ್ಲಿ ಪ್ರಯತ್ನಕ್ಕೆ ಬೆಲೆ ಕೊಡಿ. ಹದಿನಾಲ್ಕು ದಾಟಿದವರಲ್ಲಿ ಎಷ್ಟು ಸಲ ಫಲಿಸಿತು ಎಂಬುದನ್ನೂ ಕೇಳಬಹುದು.

ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ಒಬ್ಬೊಬ್ಬರನ್ನೂ ಕರೆದು, ಚೆನ್ನಾಗಿರುವುದು ಒಂದು, ಮುಂದಿನ ತಿಂಗಳು ತಿದ್ದಬೇಕಾದದ್ದು ಒಂದು, ಎರಡೇ ಹೇಳಿ.

ಪ್ರಶ್ನೆ: ಹುಡುಗಿಯರ ತಂಡ ಕಟ್ಟುತ್ತಿದ್ದೇವೆ. ಅವರಿಗೆ ಬೇರೆ ಪರೀಕ್ಷೆ ಬೇಕೇ?
— ಶಿಕ್ಷಕಿ, ಹಿರಿಯೂರು

ಉತ್ತರ: ಪರೀಕ್ಷೆ ಅವೇ ಇರಲಿ, ಹೋಲಿಕೆ ಹುಡುಗಿಯರ ನಡುವೆಯೇ ಇರಲಿ. ಹುಡುಗಿಯರ ಜಿಗಿತದ ಬೆಳವಣಿಗೆ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ, 12ರ ಆಸುಪಾಸಿನಲ್ಲಿ ಬರುತ್ತದೆ. ಹಾಗಾಗಿ 7ನೇ ತರಗತಿಯ ಹುಡುಗಿಯ ಹಿಡಿತ ಕೆಲಕಾಲ ತಪ್ಪಿದಂತೆ ಕಂಡರೆ ಕೈಬಿಡಬೇಡಿ. ಹಾಳೆಯಲ್ಲಿ "ಆಡಲು ಶುರುಮಾಡಿ ಎಷ್ಟು ತಿಂಗಳು" ಎಂಬ ಅಂಕಣ ಇರಲೇಬೇಕು. ಹುಡುಗರು ಬೀದಿಯಲ್ಲಿ ಐದಾರು ವರ್ಷ ಚೆಂಡು ಒದ್ದು ಆಡಿ ಬಂದಿರುತ್ತಾರೆ, ಎಷ್ಟೋ ಹುಡುಗಿಯರಿಗೆ ಶಾಲೆಯ ಚೆಂಡೇ ಮೊದಲ ಚೆಂಡು. ಆರು ತಿಂಗಳಲ್ಲಿ 6ರಿಂದ 11 ಪಾಸ್‌ಗೆ ಏರಿದವಳನ್ನು, ಮೂರು ವರ್ಷದಿಂದ 12ರಲ್ಲೇ ನಿಂತವಳಿಗಿಂತ ಮೊದಲು ಗಮನಿಸಿ.

ಪ್ರಶ್ನೆ: ಹೆಡಿಂಗ್ (ತಲೆಯಿಂದ ಚೆಂಡು ಹೊಡೆಯುವ) ಪರೀಕ್ಷೆಯನ್ನು ಯಾವ ವಯಸ್ಸಿನಿಂದ ಇಡಬಹುದು?
— ದೈಹಿಕ ಶಿಕ್ಷಕರು, ಚನ್ನಗಿರಿ

ಉತ್ತರ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಡವೇ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೆಡಿಂಗ್ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆ ವಯಸ್ಸಿನವರ ತರಬೇತಿಯಲ್ಲಿ ಹೆಡಿಂಗ್ ಬೇಡ ಎಂಬ ಸೂಚನೆ ಇದೆ. ಪ್ರೌಢಶಾಲೆಯವರಿಗೂ ಅಂಕದ ಆಸೆಗೆ ಇಪ್ಪತ್ತು ಮೂವತ್ತು ಸಲ ಹೊಡೆಸಬೇಡಿ. ಮೂರು ನಾಲ್ಕು ಮೀಟರಿನಿಂದ ಕೈಯಲ್ಲಿ ಮೆಲ್ಲಗೆ ಎಸೆದು, ಒಬ್ಬರಿಗೆ 3 ಚೆಂಡು ಸಾಕು. ಗಾಳಿ ತುಸು ಕಡಿಮೆಯಿರುವ ಒಣ ಚೆಂಡಾಗಿರಲಿ. ಕಣ್ಣು ತೆರೆದಿದೆಯೇ, ಕುತ್ತಿಗೆ ಬಿಗಿಹಿಡಿದು ಹಣೆಯಿಂದಲೇ ತಾಗಿಸುತ್ತಾನೆಯೇ ಎಂದು ನೋಡಿ. ಕಣ್ಣು ಮುಚ್ಚಿ ನೆತ್ತಿಗೆ ತಾಗಿಸಿಕೊಳ್ಳುವ ಮಗುವನ್ನು ಅಲ್ಲಿಗೇ ನಿಲ್ಲಿಸಿ. ಅದಕ್ಕೆ ಅಂಕ ಕಳೆಯಬೇಡಿ, ಬಲೂನಿನಿಂದ ಮತ್ತೆ ಮೊದಲಿನಿಂದ ಕಲಿಸಿ.